ಸ್ಟೀರಿಂಗ್ ಮೇಲಿನ ಕಾಲಿಂಗ್ ಬೆಲ್

ನಮ್ಮ ವಿಭಾಗದ ಹಿರಿಯ ಸಹೋದ್ಯೋಗಿಯೊಬ್ಬರು ಹೊಸ ಕಾರು ಕೊಂಡಿದ್ದಾರೆ. ಹೋದ ವಾರ ಮನೆಯ ತನಕ ಬಿಡುತ್ತೇನೆಂದು ಹತ್ತಿಸಿಕೊಂಡರು. ಸ್ಟೀರಿಂಗ್ ಚಕ್ರದ ಮೇಲೆಯೇ ಹಾಡಿನ ಸದ್ದು ಏರಿಸುವ, ಇಳಿಸುವ ಗುಂಡಿಗಳಿದ್ದವು. ಅವು ಕಾರಿನ ಜೊತೆ ಬಂದವಲ್ಲವಂತೆ, ಜೆ.ಸಿ. ರಸ್ತೆಯಲ್ಲಿ ಬೇರೆಯಾಗಿ ಕೂರಿಸಿದ್ದಂತೆ. ನಡುವೆ ವೈರೇ ಇಲ್ಲ. "ಕೈ ತೆಗೀಬೇಕಾಗೇ ಇಲ್ಲ ನೋಡಿ," ಎಂದು ಮತ್ತೆ ಮತ್ತೆ ಒತ್ತಿ ತೋರಿಸಿದರು. ಚೆನ್ನಾಗಿದೆ ಎಂದೆ. ಇಂಥದ್ದನ್ನು ಹೈಸ್ಕೂಲಿನಲ್ಲಿದ್ದಾಗಲೇ ನೋಡಿದ್ದೇನೆ ಎಂದು ಹೇಳಲಿಲ್ಲ. ಹೇಳಿದ್ದರೆ ವ್ಯಾನ್ ಅಂಕಲ್ ವಿಷಯವನ್ನೂ ಹೇಳಬೇಕಾಗುತ್ತಿತ್ತು. ಅವರು ತೀರಿಕೊಂಡರೆಂದು ಅಮ್ಮ ಫೋನ್ ಮಾಡಿ ಆಗಿನ್ನೂ ಹೆಚ್ಚು ದಿನವಾಗಿರಲಿಲ್ಲ.

ಅವರು ನಮ್ಮ ಸ್ಕೂಲ್ ವ್ಯಾನ್ ಓಡಿಸುತ್ತಿದ್ದವರು. ಜೆ.ಪಿ. ನಗರದ ನಮ್ಮ ಕ್ರಾಸಿನಿಂದ ಜಯನಗರದ ಶಾಲೆಗೆ ಹೈಸ್ಕೂಲು ಮುಗಿಯುವವರೆಗೂ ನಾನು ಅವರ ವ್ಯಾನಿನಲ್ಲೇ ಹೋಗಿ ಬಂದೆ. ಮಕ್ಕಳೆಲ್ಲರಿಗೂ ಅವರು ವ್ಯಾನ್ ಅಂಕಲ್. ಗದಗಿನಿಂದ ಬಂದ ನನ್ನ ಅಮ್ಮನಿಗೆ 'ವ್ಯಾನಿನ ಅಣ್ಣಾರು'. ಹೆಸರು ಹಿಡಿದು ಕರೆಯುವ ಸಂದರ್ಭ ಯಾರಿಗೂ ಬರಲಿಲ್ಲ.

ಕೋಣನಕುಂಟೆಯ ಹಳೇ ಊರಿನವರು. ಜಮೀನು ಲೇಔಟಿಗೆ ಹೋದ ಮೇಲೆ ಉಳಿದ ಜಾಗದಲ್ಲಿ ಬಾಡಿಗೆ ಮನೆಗಳನ್ನು ಕಟ್ಟಿಸಿದ್ದರು. ವ್ಯಾನ್ ಓಡಿಸಿಯೇ ಬದುಕಬೇಕೆಂದೇನೂ ಇರಲಿಲ್ಲ. ಯಾಕೆ ಓಡಿಸುತ್ತೀರಿ ಎಂದು ಯಾರಾದರೂ ಕೇಳಿದರೆ, "ಬಾಡಿಗೆ ತಿಂದ್ಕೊಂಡು ಮನೇಲಿ ಕೂತ್ರೆ ಹೆಂಡ್ತಿ ಬೆಳಗ್ಗಿಂದ ಸಾಯಂಕಾಲದ ಗಂಟ ಮಖ ನೋಡ್ಬೇಕಲ್ಲ, ಅವಳಿಗೂ ಕಷ್ಟ," ಎನ್ನುತ್ತಿದ್ದರು.

ನಮ್ಮ ಬಡಾವಣೆಯ ರಸ್ತೆಗಳಿಗೆ ಅವರ ಬಳಿ ಬೇರೆಯದೇ ಹೆಸರುಗಳಿದ್ದವು. ಹಿಂದೆ ಎಲ್ಲೆಲ್ಲಿ ಏನೇನು ಬೆಳೆಯುತ್ತಿದ್ದರೋ ಆ ಪ್ರಕಾರ. ನಮ್ಮದು ಅವರೆಕಾಯಿ ಕ್ರಾಸ್. ಅದರ ಆಚೆಯದು ಬದನೆಕಾಯಿ. ಮೂಲೆಯ ಬೇಕರಿ ಇದ್ದದ್ದು ಹುಚ್ಚೆಳ್ಳಿನಲ್ಲಿ. ಹೊಸದಾಗಿ ಸೇರಿದ ಮಗುವಿನ ತಂದೆ ಯಾರೋ ವಿಳಾಸ ಹೇಳಲು ಹೊರಟರೆ ಅರ್ಧಕ್ಕೇ ತಡೆದು, "ಗೊತ್ತಾಯ್ತು ಬುಡಿ ಸಾರ್, ಬದನೆಕಾಯಲ್ಲಿ ಎಡಗಡೆ ಮೂರ್ನೇ ಮನೆ," ಎಂದಿದ್ದರು. ಆ ಮನುಷ್ಯ ವ್ಯಾನಿನಿಂದ ಎರಡು ಹೆಜ್ಜೆ ಹಿಂದೆ ಸರಿದು ನಿಂತದ್ದು ನೆನಪಿದೆ.

ವ್ಯಾನಿನಲ್ಲಿ ಸೀಟಿಗಾಗಿ ಜಗಳವಾದರೆ ಅವರು ತಿರುಗಿ ನೋಡುತ್ತಿರಲಿಲ್ಲ. "ವಸಿ ಜರುಗ್ರೋ, ಸೀಟೇನು ನಿಮ್ಮಪ್ಪ ಬರ್ಕೊಟ್ಟಿದ್ದಾ?" ಎನ್ನುತ್ತಿದ್ದರು, ಅಷ್ಟೇ. ನಾನು ದೊಡ್ಡವಳೆಂದು ಮುಂದಿನ ಸೀಟು ಸಿಕ್ಕಿತ್ತು. ಮಾತು ಕಡಿಮೆ, ಎಲ್ಲವನ್ನೂ ನೋಡುತ್ತ ಕೂರುವ ಅಭ್ಯಾಸ. ಅದಕ್ಕೇ ನನಗೆ ಜಡ್ಜಮ್ಮ ಎಂದು ಹೆಸರಿಟ್ಟರು. ಹಿಂದೆ ಹುಡುಗರು ಕಿತ್ತಾಡುವಾಗ, "ಜಡ್ಜಮ್ಮಾ, ತೀರ್ಪು ಏನು?" ಎಂದು ಕೇಳುತ್ತಿದ್ದರು. ನಾನು ಉತ್ತರ ಕೊಡುತ್ತಿರಲಿಲ್ಲ. "ಮುಂದಿನ ವಾಯ್ದೆಗೆ ಹೋಯ್ತು ಕಣ್ರೋ," ಎಂದು ಅವರೇ ಮುಗಿಸುತ್ತಿದ್ದರು.

ವ್ಯಾನಿಗೆ ಏನಾದರೂ ಕೂರಿಸುತ್ತಿರಬೇಕು, ಇದು ಅವರ ಚಟ. ಎಸ್.ಪಿ. ರಸ್ತೆಗೋ ಜೆ.ಸಿ. ರಸ್ತೆಗೋ ಹೋಗಿ ಬಂದರೆ ಮರುದಿನ ವ್ಯಾನಿನಲ್ಲಿ ಹೊಸದೊಂದು ಇರುತ್ತಿತ್ತು. ಯಾವುದನ್ನೂ ಅಂಗಡಿಯಲ್ಲಿ ಹಾಕಿಸುತ್ತಿರಲಿಲ್ಲ, ಎಲ್ಲವೂ ಸ್ವಂತ ಕೈಕೆಲಸ. ಒಂದು ಪುಟ್ಟ ಫ್ಯಾನು ಬಂತು. ಅದು ಅವರ ಕಡೆ ತಿರುಗದೆ ನನ್ನ ಕಡೆಗೇ ಬೀಸುತ್ತಿತ್ತು. ರಿವರ್ಸ್ ತೆಗೆದುಕೊಳ್ಳುವಾಗ ಹಾಡುವ ಪೆಟ್ಟಿಗೆ ಬಂತು. ವೈರು ಎಲ್ಲಿಗೆ ಕೊಟ್ಟಿದ್ದರೋ, ಬ್ರೇಕ್ ಒತ್ತಿದಾಗಲೂ ಅದು ಹಾಡುತ್ತಿತ್ತು. ಸಿಗ್ನಲ್ಲಿನಲ್ಲಿ ಹಿಂದಿನ ಸ್ಕೂಟರಿನವನು ಗಾಬರಿಯಾಗಿ, "ಏನ್ ಗುರು, ಹಿಂದಕ್ ಬರ್ತೀಯಾ ಮುಂದಕ್ ಹೋಗ್ತೀಯಾ?" ಎಂದು ಕೂಗಿದ. ಅಂಕಲ್ ತಲೆ ಹೊರಹಾಕಿ, "ನಾನೆಲ್ಲೂ ಹೋಗ್ತಿಲ್ಲ, ನೀನೂ ಅಲ್ಲೇ ಇರು," ಎಂದರು.

ಈ ಚಟವೇ ಮುಂದೆ ಅವರನ್ನು ಬೇರೆ ಕಡೆಗೆ ಒಯ್ದಿತು.

ಬೆಳಗ್ಗೆ ಏಳರ ಹೊತ್ತಿಗೆ ವ್ಯಾನ್ ನಮ್ಮ ಕ್ರಾಸಿಗೆ ತಿರುಗುತ್ತಿತ್ತು. ತಿರುವಿನಲ್ಲಿ ಒಂದು ಉದ್ದ ಹಾರ್ನ್, ಆಮೇಲೆ ಮಕ್ಕಳಿರುವ ಪ್ರತಿ ಮನೆಯ ಮುಂದೆ ಎರಡೆರಡು ಸಣ್ಣವು. ನಮ್ಮ ಎದುರು ಮನೆಯಲ್ಲಿ ಒಬ್ಬರು ಮೇಡಂ ಮತ್ತು ಅವರ ತಾಯಿ ಇದ್ದರು. ಮೇಡಂ ಮದುವೆಯಾಗಿರಲಿಲ್ಲ, ಆಫೀಸಿಗೆ ಹೋಗುತ್ತಿದ್ದರು. ತಾಯಿಗೆ, ಅಂದರೆ ನಾವು ಅಜ್ಜಿ ಎನ್ನುತ್ತಿದ್ದವರಿಗೆ, ಕಾಲಿನ ಶಕ್ತಿ ಹೋಗಿತ್ತು. ಯಾರಾದರೂ ಹಿಡಿದುಕೊಂಡರೆ ಬಚ್ಚಲಿನ ತನಕ ನಡೆಯುತ್ತಿದ್ದರು, ಒಬ್ಬರೇ ಏಳಬಾರದೆಂದು ಡಾಕ್ಟರು ಹೇಳಿದ್ದರು. ಮೇಡಂ ಆಫೀಸಿಗೆ ಹೋದಾಗ ನೋಡಿಕೊಳ್ಳಲು ಒಬ್ಬ ಹೆಂಗಸು ಬರುತ್ತಿದ್ದಳು. ಅವರ ಕೋಣೆ ರಸ್ತೆಯ ಕಡೆಗೆ, ಅಡುಗೆಮನೆ ಹಿಂದುಗಡೆ.

ಒಂದು ದಿನ ಮೇಡಂ ಗೇಟಿನ ಹತ್ತಿರ ಕಾದು ನಿಂತಿದ್ದರು.

"ತಪ್ಪು ತಿಳ್ಕೋಬೇಡಿ. ಅಮ್ಮ ರಾತ್ರಿಯೆಲ್ಲ ನಿದ್ದೆ ಮಾಡಲ್ಲ. ಬೆಳಗಿನ ಜಾವ ಹೇಗೋ ಕಣ್ಣು ಮುಚ್ತಾರೆ, ಅಷ್ಟೊತ್ತಿಗೆ ನಿಮ್ಮ ಹಾರ್ನ್."

ಅಂಕಲ್ ಸ್ಟೀರಿಂಗ್ ಬಿಟ್ಟು ಎರಡೂ ಕೈ ಜೋಡಿಸಿದರು. "ಮೊದ್ಲೇ ಹೇಳ್ಬಾರ್ದಾ ಮೇಡಂ? ಇಷ್ಟ್ ದಿನ ಹೊಡ್ದಿದೀನಲ್ಲ."

ಅಂದು ಸಂಜೆ ನಮ್ಮನ್ನೆಲ್ಲ ಇಳಿಸಿದ ಮೇಲೆ ಮತ್ತೊಮ್ಮೆ ಕ್ಷಮೆ ಕೇಳಲೆಂದು ಮೇಡಂ ಮನೆಗೆ ಹೋದರು. ಅಲ್ಲಿ ಕೂತು ಕಾಫಿ ಕುಡಿಯುವಾಗ ಅಡುಗೆಮನೆಯಿಂದ 'ಟಿಂಗ್ ಟಾಂಗ್' ಎಂದು ಬೆಲ್ ಆಗಿದೆ, ಮೇಡಂ ಎದ್ದು ಕೋಣೆಗೆ ಓಡಿದ್ದಾರೆ. ಬೆಲ್ಲಿನ ಗುಂಡಿ ಅಜ್ಜಿಯ ದಿಂಬಿನ ಪಕ್ಕ, ಸದ್ದು ಮಾಡುವ ಡಬ್ಬಿ ಅಡುಗೆಮನೆಯ ಗೋಡೆಯಲ್ಲಿ. ನಡುವೆ ವೈರಿಲ್ಲ. ಅಂಕಲ್ ಕಾಫಿ ಮರೆತರು. ಅದನ್ನು ಎಲ್ಲಿ ತಂದದ್ದು, ಯಾವ ಅಂಗಡಿ, ಸೆಲ್ಲು ಎಷ್ಟು ದಿನ ಬರುತ್ತೆ, ಎಲ್ಲ ವಿಚಾರಿಸಿಕೊಂಡು ಬಂದರು.

ಮುಂದಿನ ಸೋಮವಾರ ಸ್ಟೀರಿಂಗ್ ಚಕ್ರದ ಮೇಲೆ ಒಂದು ಬಿಳಿಯ ಗುಂಡಿ ಇತ್ತು. ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು ಕಟ್ಟಿದ್ದರು. ಅದೇ ಅಂಗಡಿಯಿಂದ, ಅದೇ ಥರದ ಬೆಲ್ಲುಗಳನ್ನು ತಂದು ನಮ್ಮ ಕ್ರಾಸಿನ ನಾಲ್ಕು ಮನೆಗೂ ಒಂದೊಂದು ಡಬ್ಬಿ ಹಂಚಿದರು. ಅವುಗಳ ಗುಂಡಿಗಳಲ್ಲಿ ಒಂದು ಮಾತ್ರ ವ್ಯಾನಿಗೆ. ಉಳಿದವು ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಬಿದ್ದಿದ್ದವು.

"ಒಂದೇ ಗುಂಡಿ ಸಾಕು ಜಡ್ಜಮ್ಮ. ಎಲ್ಲಾ ಅಣ್ತಮ್ಮಂದ್ರೇ. ಒಂದು ಒತ್ತಿದ್ರೆ ನಾಕೂ ಕೂಗ್ತವೆ!"

ನಮ್ಮ ಮನೆಗೆ ಡಬ್ಬಿ ಕೊಡಲು ಬಂದಾಗ ಅಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಅಣ್ಣಾರ, ಇದೇನ್ರಿ ಇದು? ನೀವು ವ್ಯಾನಿನ್ಯಾಗ ಕುಂತು ಒತ್ತಿದ್ರ ನಮ್ಮ ಮನ್ಯಾಗ ಹೊಡ್ಕೋತೈತೇನು?"

"ಹೊಡ್ಕೋತದೆ ಅಕ್ಕ."

"ನೀವು ಬರೋದು ತಡಾ ಆದ್ರ ನಾವು ಒತ್ತಿದ್ರ ನಿಮಗ ಕೇಳಿಸ್ತೈತೇನು?"

ಅಂಕಲ್ ತಲೆ ಕೆರೆದುಕೊಂಡರು. "ಅದೊಂದು ಇಲ್ಲ ಅಕ್ಕ."

ಮೊದಮೊದಲು ತೊಂದರೆಗಳಿದ್ದವು. ವ್ಯಾನ್ ತಿರುಗಿಸುವಾಗ ಅಂಗೈ ತಾಗಿ ಗುಂಡಿ ತಾನಾಗಿ ಒತ್ತಿಕೊಳ್ಳುತ್ತಿತ್ತು. ಜಯನಗರದ ಒಂದು ತಿರುವಿನಲ್ಲಿ ಹೀಗೆ ಒತ್ತಿಕೊಂಡಾಗಲೆಲ್ಲ ಮೂಲೆ ಮನೆಯ ಯಜಮಾನರೊಬ್ಬರು ಬನಿಯನ್ನಿನಲ್ಲಿ ಹೊರಬಂದು, ಬಾಗಿಲಲ್ಲಿ ಯಾರೂ ಇಲ್ಲದ್ದು ನೋಡಿ, ಆಚೆ ಈಚೆ ಕತ್ತು ತಿರುಗಿಸಿ ಒಳಗೆ ಹೋಗುತ್ತಿದ್ದರು. ಅವರ ಮನೆಯಲ್ಲೂ ಇದೇ ಥರದ ಬೆಲ್ ಇತ್ತೆಂದು ಕಾಣುತ್ತದೆ. ವ್ಯಾನಿನಲ್ಲಿ ನಗುವೋ ನಗು. ಅಂಕಲ್ ಕೂಡ ಕಣ್ಣಲ್ಲಿ ನೀರು ಬರುವಂತೆ ನಕ್ಕರು. "ನೋಡ್ರೋ, ನಮ್ಮ ಬೆಲ್ಲು ಎಲ್ಲಿಗ್ ಮುಟ್ತು!" ಆಮೇಲೆ ಗುಂಡಿಯನ್ನು ಚಕ್ರದ ಅಂಚಿನಿಂದ ಒಳಗಿನ ಅಡ್ಡಪಟ್ಟಿಗೆ ಸರಿಸಿ ಕಟ್ಟಿದರು. ಯಜಮಾನರು ಹೊರಬರುವುದು ನಿಂತಿತು.

ನಮ್ಮ ಕ್ರಾಸು ನಿಶ್ಶಬ್ದವಾಯಿತು. ತಿರುವಿಗೆ ಬಂದ ಕೂಡಲೇ ಅಂಕಲ್ ಹೆಬ್ಬೆರಳಿನಿಂದ ಎರಡು ಸಲ ಒತ್ತುತ್ತಿದ್ದರು. ನಾಲ್ಕೂ ಮನೆಗಳ ಗೇಟುಗಳು ಸುಮಾರು ಒಟ್ಟಿಗೇ ತೆರೆಯುತ್ತಿದ್ದವು. ವ್ಯಾನ್ ಕಾಯುವುದು ಕಡಿಮೆಯಾಗಿ ಶಾಲೆಗೆ ಬೇಗ ತಲುಪತೊಡಗಿದೆವು. ಬದನೆಕಾಯಿ ಕ್ರಾಸಿನವರು ನಮಗೂ ಬೇಕೆಂದು ಕೇಳಿದರು.

ನಾಲ್ಕಲ್ಲ, ಐದು ಮನೆಗಳಲ್ಲಿ ಬೆಲ್ ಆಗುತ್ತಿತ್ತು. ಇದು ಗೊತ್ತಿದ್ದದ್ದು ಎದುರು ಮನೆಯ ಮೇಡಂ ಒಬ್ಬರಿಗೇ. ಅಜ್ಜಿಯ ಗುಂಡಿಯ ಸೆಲ್ಲು ಹಳೆಯದು, ಅದರ ಕರೆ ಅವರ ಅಡುಗೆಮನೆ ದಾಟಿ ನಮ್ಮ ಡಬ್ಬಿಗಳಿಗೆ ಮುಟ್ಟುತ್ತಿರಲಿಲ್ಲ. ಮೊದಲ ದಿನ ಅಡುಗೆಮನೆಯಲ್ಲಿ ಬೆಲ್ ಆದಾಗ ತಾಯಿ ಕರೆದರೆಂದು ಓಡಿದ್ದಾರೆ. ಅಜ್ಜಿ ಕಣ್ಣು ಮುಚ್ಚಿ ಮಲಗಿದ್ದರು. ಎರಡನೆಯ ದಿನವೂ ಅಷ್ಟೇ. ಮೂರನೆಯ ದಿನ ಕೋಣೆಯ ಕಿಟಕಿಯಾಚೆ ವ್ಯಾನ್ ಕಂಡು ಅರ್ಥವಾಯಿತು. ಹೇಳಲಿಲ್ಲ. ಯಾಕೆ ಹೇಳಲಿಲ್ಲವೆಂದು ಆಮೇಲೆ ನನ್ನ ಅಮ್ಮನ ಹತ್ತಿರ ಹೇಳಿಕೊಂಡಿದ್ದರು: "ನಮಗೋಸ್ಕರ ಆ ಮನುಷ್ಯ ಅಷ್ಟೆಲ್ಲ ಮಾಡಿದಾರೆ. ಇದೂ ಸರಿ ಇಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ?" ಏಳರ ಹೊತ್ತಿಗೆ ಎರಡು ಸಲ ಬೆಲ್ ಆದರೆ ಅದು ವ್ಯಾನು ಎಂದು ಅವರು ಒಪ್ಪಿಕೊಂಡುಬಿಟ್ಟರು. ಹೀಗೆ ಕೆಲವು ತಿಂಗಳು ನಡೆಯಿತು.

ಒಂದು ಎರಡನೇ ಶನಿವಾರ ಬೆಳಗ್ಗೆ ಏಳರ ಹೊತ್ತಿಗೇ ಬೆಲ್ ಎರಡು ಸಲ ಆಗಿದೆ. ಮೇಡಂ ಹಾಲು ಕಾಯಿಸುತ್ತಿದ್ದರು. ವ್ಯಾನ್ ಬಂತು ಎಂದುಕೊಂಡು ಒಲೆಯ ಮುಂದೆಯೇ ನಿಂತಿದ್ದಾರೆ. ಹಾಲು ಇಳಿಸಿ ಡಿಕಾಕ್ಷನ್ ನೋಡುವಾಗ, ಗೇಟುಗಳ ಸದ್ದಾಗಲಿಲ್ಲವಲ್ಲ ಎನಿಸಿದೆ. ಆಗ ಇವತ್ತು ಸ್ಕೂಲಿಲ್ಲ ಎಂಬುದು ನೆನಪಾಗಿದೆ.

ಕೋಣೆಗೆ ಓಡಿದ ಮೇಡಂ ಕೂಗಿದ್ದು ನಮ್ಮ ಮನೆಗೂ ಕೇಳಿಸಿತು. ಅಮ್ಮ ಕೈಯಲ್ಲಿದ್ದ ಲಟ್ಟಣಿಗೆಯ ಸಮೇತ ಓಡಿದಳು, ಹಿಂದೆ ನಾನು. ಅಜ್ಜಿ ಮಂಚದ ಪಕ್ಕ ನೆಲದ ಮೇಲಿದ್ದರು. ಕರೆದು, ಕಾದು, ಯಾರೂ ಬಾರದ್ದರಿಂದ ತಾವೇ ಎದ್ದಿದ್ದರು. ಅಮ್ಮ ಮತ್ತು ಮೇಡಂ ಸೇರಿ ಮೇಲೆತ್ತಿದರು. ಮುಂಗೈ ಮೂಳೆ ಮುರಿದಿತ್ತು. ಇನ್ನೇನೂ ಆಗಿರಲಿಲ್ಲ, ಆಗಬಹುದಿತ್ತು ಎಂದು ಡಾಕ್ಟರು ಹೇಳಿದರಂತೆ. ಪ್ಲಾಸ್ಟರ್ ಹಾಕಿಸಿಕೊಂಡು ಅಂದೇ ಮನೆಗೆ ಬಂದರು.

ಸೋಮವಾರ ಮೇಡಂ ಗೇಟಿನಲ್ಲಿ ನಿಂತಿದ್ದರು. ನಾವೆಲ್ಲ ಹತ್ತಿ ಆಗಿತ್ತು. ಅವರು ತಗ್ಗಿದ ದನಿಯಲ್ಲಿ, ಎಲ್ಲವನ್ನೂ ಕ್ರಮವಾಗಿ ಹೇಳಿದರು. ಕೊನೆಗೆ, "ನಿಮ್ಮ ತಪ್ಪಿಲ್ಲ. ನಾನು ಮೊದಲೇ ಹೇಳ್ಬೇಕಿತ್ತು," ಎಂದರು.

ಅಂಕಲ್ ಎಂಜಿನ್ ನಿಲ್ಲಿಸಿದರು. ಖಾನೆಯಿಂದ ಬ್ಲೇಡು ತೆಗೆದು ಟ್ಯೂಬಿನ ಪಟ್ಟಿ ಕೊಯ್ದು ಗುಂಡಿಯನ್ನು ಬಿಡಿಸಿದರು. ಅದರ ಸೆಲ್ಲು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡರು. ಆಮೇಲೆ ಮೇಡಂ ಕಡೆ ನೋಡದೆ ಹೇಳಿದರು:

"ಜಯನಗರದಲ್ಲಿ ಒಬ್ರು ಯಜಮಾನ್ರು ಹೊರಗ್ ಬತ್ತಿದ್ರು ಮೇಡಂ, ನಾನು ಒತ್ತಿದಾಗೆಲ್ಲ. ಅವತ್ತೇ ನನಗ್ ಗೊತ್ತಾಗ್ಬೇಕಿತ್ತು. ನಾನು ನಕ್ಬುಟ್ಟೆ."

ಕೆಳಗಿಳಿದು, ಚಪ್ಪಲಿ ಗೇಟಿನ ಹೊರಗೇ ಬಿಟ್ಟು ಒಳಗೆ ಹೋದರು. ವ್ಯಾನ್ ನಿಂತದ್ದು ಸರಿಯಾಗಿ ಅಜ್ಜಿಯ ಕಿಟಕಿಯ ಮುಂದೆ. ಒಳಗಿನ ಮಾತು ನಮಗೆ ಚೆನ್ನಾಗಿ ಕೇಳಿಸುತ್ತಿತ್ತು.

"ಯಾರಪ್ಪ ನೀನು?"

"ವ್ಯಾನ್ ಓಡಿಸ್ತೀನಮ್ಮ. ಸ್ಕೂಲ್ ವ್ಯಾನು."

"ಪೀಂ ಪೀಂ ಅನ್ನೋನಾ?"

"ಹೂಂನಮ್ಮ. ಈಗ ಹೊಡೀತಿಲ್ಲ. ನಿಮ್ಮ ನಿದ್ದೆ ಕೆಡ್ತದೆ ಅಂತ ನಿಲ್ಸಿದೀನಿ."

"ನನ್ನ ನಿದ್ದೇನಾ? ಯಾರು ಹೇಳಿದ್ದು?"

"ನಾನೇ ಹೇಳಿದ್ದಮ್ಮ," ಎಂದರು ಮೇಡಂ. "ಬೆಳಗಿನ ಜಾವ ನೀನು ಕಣ್ಣು ಮುಚ್ಕೊಂಡಿರ್ತಿದ್ದೆ ಅಲ್ವಾ?"

"ಕಣ್ಣು ಮುಚ್ಚಿದ್ರೆ ನಿದ್ದೆ ಏನೇ? ರಾತ್ರಿಯೆಲ್ಲ ಈ ಕತ್ತಲು ಮುಗೀತೋ ಇಲ್ವೋ ಅಂತ ಕಾಯ್ತಾ ಬಿದ್ದಿರ್ತೀನಿ. ಇವನ ಹಾರ್ನ್ ಕೇಳಿದ್ಮೇಲೆ ಸದ್ಯ, ಬೆಳಗಾಯ್ತು ಅಂತ ಧೈರ್ಯ ಬಂದು ಸ್ವಲ್ಪ ಜೋಂಪು ಹತ್ತೋದು. ಇದ್ದಕ್ಕಿದ್ದ ಹಾಗೆ ನಿಂತ್ಹೋಯ್ತು. ಸ್ಕೂಲೇ ಮುಚ್ಚಿದ್ರೇನೋ ಅಂದ್ಕೊಂಡೆ."

ಆಮೇಲೆ ಮೇಡಂ, "ಹಾಗಾದ್ರೆ ಹಾರ್ನೇ ಹೊಡೀರಿ," ಎಂದರು.

"ಬ್ಯಾಡ ಮೇಡಂ," ಎಂದರು ಅಂಕಲ್. "ಹಾರ್ನ್‌ಗೆ ಅಮ್ಮ ವಾಪಸ್ ಏನಂತಾರೆ? ಬೆಲ್ಲಿಗಾದ್ರೂ ಏನಂತಾರೆ? ಒಂದ್ ಕಡೆಯಿಂದಾನೇ ಕೂಗೋದು ಅವು."

ನಮಗೆ ಅಂದು ಮೊದಲ ಪೀರಿಯಡ್ ತಪ್ಪಿತು. ದಾರಿಯಲ್ಲಿ ಯಾವ ಹುಡುಗನೂ ಸೀಟಿಗೆ ಕಿತ್ತಾಡಲಿಲ್ಲ. ಅಂಕಲ್ ಕೂಡ ಯಾವ ತೀರ್ಪೂ ಕೇಳಲಿಲ್ಲ.

ಮರುದಿನದಿಂದ ಅವರು ಇನ್ನೂ ಬೇಗ ಬರತೊಡಗಿದರು. ವ್ಯಾನನ್ನು ಎದುರು ಮನೆಯ ಮುಂದೆ ನಿಲ್ಲಿಸಿ, ಇಳಿದು, ಕಾಂಪೌಂಡಿನ ಹತ್ತಿರ ಹೋಗಿ ಕಿಟಕಿಯ ಕಡೆ ಮುಖ ಮಾಡಿ, "ಅಮ್ಮಾ, ಬೆಳಗಾಯ್ತು," ಎನ್ನುತ್ತಿದ್ದರು. ಹೊಲದ ಆಚೆ ಬದಿಗೆ ಕೇಳಿಸುವಂಥ ಕಂಠ ಅದು, ಮಕ್ಕಳಿರುವ ಮನೆಗಳಿಗೆಲ್ಲ ಅಷ್ಟೇ ಸಾಕಾಗುತ್ತಿತ್ತು. ಒಳಗಿನಿಂದ, "ಆಯ್ತು ಹೋಗಪ್ಪ," ಎಂದು ಬರುವ ತನಕ ಅಲ್ಲೇ ನಿಂತಿರುತ್ತಿದ್ದರು. ಅಜ್ಜಿ ಕೆಲವು ದಿನ ಬೇರೆ ಮಾತೂ ಸೇರಿಸುತ್ತಿದ್ದರು.

"ಇವತ್ತು ಲೇಟು ನೀನು."

"ಇಲ್ಲ ಕಣಮ್ಮ, ನಿಮಗೇ ಬೇಗ ಎಚ್ಚರ ಆಗ್ಬುಟ್ಟದೆ."

"ಮಲಗಿದ್ರೆ ತಾನೇ ಎಚ್ಚರ ಆಗೋಕೆ!"

ಈ ಸಂಭಾಷಣೆಯ ಮಧ್ಯೆ ನಾವು ಬ್ಯಾಗು ಹೊತ್ತು ಬಂದು ವ್ಯಾನ್ ಹತ್ತುತ್ತಿದ್ದೆವು. ನಾಲ್ಕು ಮನೆಗಳಲ್ಲಿ ಒಂದು ಮನೆಯವರು, ಶಾಲೆಯದೇ ಬಸ್ಸು ಶುರುವಾದಾಗ, ಇದೆಲ್ಲ ಯಾಕೆಂದು ಮಗುವನ್ನು ಅದಕ್ಕೆ ಹಾಕಿದರು. ಅಂಕಲ್ ನಾಲ್ಕು ಡಬ್ಬಿಗಳನ್ನೂ ವಾಪಸು ತೆಗೆದುಕೊಂಡು ಹೋದರು. ವ್ಯಾನಿಗೆ ಹೊಸದೇನನ್ನೂ ಕೂರಿಸಿದ್ದು ಆಮೇಲೆ ನಾನು ನೋಡಲಿಲ್ಲ. ಇದಕ್ಕೂ ಅಜ್ಜಿ ಬಿದ್ದದ್ದಕ್ಕೂ ಸಂಬಂಧವಿತ್ತೋ ಇಲ್ಲವೋ, ಅವರನ್ನು ಕೇಳಲಿಲ್ಲ.

ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಒಂದು ಬೆಳಗ್ಗೆ ಅಂಕಲ್ ಕರೆದರು, ಉತ್ತರ ಬರಲಿಲ್ಲ. ಮತ್ತೆ ಕರೆದರು. ಕಿಟಕಿಯ ಹತ್ತಿರ ಬಾಗಿ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಮನೆಯನ್ನು ಬಳಸಿ ಹಿಂದುಗಡೆಗೆ, ಅಡುಗೆಮನೆಯ ಬಾಗಿಲಿಗೆ ಹೋದರು. ಅವರು ಓಡಲಿಲ್ಲ. "ಮೇಡಂ, ಒಲೆ ಆರ್ಸಿ ಬನ್ನಿ. ಅಮ್ಮ ಮಾತಾಡ್ತಿಲ್ಲ," ಎಂದದ್ದು ಕೇಳಿಸಿತು.

ಅಜ್ಜಿ ನಿದ್ದೆಯಲ್ಲೇ ಹೋಗಿದ್ದರು. ಮೈ ಇನ್ನೂ ಬಿಸಿಯಿತ್ತು ಎಂದು ಅಮ್ಮ ಹೇಳಿದಳು. ಅಂಕಲ್ ನಮ್ಮನ್ನು ಶಾಲೆಗೆ ಬಿಟ್ಟು ಹಿಂತಿರುಗಿ ಬಂದು, ಆ ದಿನದ ಕೆಲಸಗಳಿಗೆಲ್ಲ ಓಡಾಡಿದರು.

ಮರುದಿನದಿಂದ ಅವರು ಆ ಮನೆಯ ಮುಂದೆ ನಿಲ್ಲಿಸಲಿಲ್ಲ. ಕ್ರಾಸಿನ ಮೊದಲಿಗೇ ನಿಲ್ಲಿಸುತ್ತಿದ್ದರು, ನಾವೇ ನಡೆದು ಹೋಗಿ ಹತ್ತುತ್ತಿದ್ದೆವು. ವೈಕುಂಠ ಸಮಾರಾಧನೆ ಮುಗಿದ ಮೇಲೂ ಹಾಗೆಯೇ ನಡೆಯಿತು. ಒಂದು ಬೆಳಗ್ಗೆ ಮೇಡಂ ಅಲ್ಲಿಯ ತನಕ ನಡೆದು ಬಂದರು. ಆಫೀಸಿಗೆ ಇನ್ನೂ ಹೊತ್ತಿತ್ತು, ಮನೆಯ ಸೀರೆಯಲ್ಲಿದ್ದರು.

"ಯಾಕೆ, ನಮ್ಮನೆ ಮುಂದೆ ನಿಲ್ಸಲ್ವಾ ಈಗ?"

"ಇನ್ಯಾರನ್ನ ಕೂಗ್ಲಿ ಮೇಡಂ?"

"ನಾನಿಲ್ವಾ?"

ಅಂಕಲ್ ಸ್ಟೀರಿಂಗನ್ನು ನೋಡುತ್ತ ಕೂತರು. ಮೇಡಂ ಹಿಂತಿರುಗಿ ಹೋದರು.

ಮರುದಿನ ವ್ಯಾನ್ ಕ್ರಾಸಿನ ಒಳಗೆ ಬಂತು. ನಾನು ಗೇಟಿನಲ್ಲಿದ್ದೆ. ಅಂಕಲ್ ಇಳಿದು, ಕಿಟಕಿಯನ್ನು ದಾಟಿ, ಅಡುಗೆಮನೆಯ ಕಡೆಗಿನ ಕಾಂಪೌಂಡಿನ ತನಕ ಹೋದರು. ಗಂಟಲು ಸರಿಮಾಡಿಕೊಂಡರು.

"ಮೇಡಂ, ಬೆಳಗಾಯ್ತು."

ಒಳಗೆ ಪಾತ್ರೆಯ ಸದ್ದು ನಿಂತಿತು. ಅವರು ಕಾದು ನಿಂತರು.

"ಆಯ್ತು," ಎಂದರು ಮೇಡಂ. "ಹೋಗ್ಬನ್ನಿ."